ಪ್ರಮಾಣಪತ್ರದ ಆಯ್ಕೆ: ಲಿನಕ್ಸೋ, ಕ್ಲೌಡೋ?

ಪದವಿಯ ಕೊನೆಯ ವರ್ಷಕ್ಕೆ ಬಂದವರಿಗೆ 'ಮುಂದೇನು?' ಎಂಬ ಪ್ರಶ್ನೆ ತಪ್ಪಿದ್ದಲ್ಲ. ಇತಿಹಾಸ, ಅರ್ಥಶಾಸ್ತ್ರ ಓದಿದವನು ಗಣಕಯಂತ್ರದ ಮಾತೆತ್ತಿದರೆ ನಗುವವರೂ ಉಂಟು. ಆದರೆ ಗಣಕಯಂತ್ರಗಳ ನಿರ್ವಹಣೆಗೆ ಸಂಬಂಧಿಸಿದ ಪ್ರಮಾಣಪತ್ರಗಳಲ್ಲಿ ನಾನು ವಿಚಾರಿಸಿದ ಯಾವುದಕ್ಕೂ ಇಂಥದೇ ಪದವಿ ಬೇಕೆಂಬ ನಿರ್ಬಂಧವಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರುವುದರಿಂದಲೇ ಯಾವ ಬಾಗಿಲನ್ನು ಹೊಗಬೇಕೆಂಬುದು ಕಷ್ಟವಾಗಿದೆ.

ಕಳೆದ ವರ್ಷ ನಾನೊಂದು ತರಬೇತಿ ಕೇಂದ್ರಕ್ಕೆ ಹೋಗಿದ್ದೆ. ನಲವತ್ತೈದು ದಿನಗಳಲ್ಲಿ ಕ್ಲೌಡ್ ವಿದ್ಯೆಯನ್ನು ಕಲಿಸಿ ಕೆಲಸವನ್ನೂ ಕೊಡಿಸುವೆವೆಂದರು. ಅವರು ಹೇಳಿದ ಶುಲ್ಕ ನಮ್ಮ ಮನೆಯ ಒಂದು ವರ್ಷದ ದಿನಸಿಯ ಖರ್ಚಿಗೆ ಸಮನಾಗಿತ್ತು. ಗಾರೆ ಕೆಲಸ ಮಾಡುವ, ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನಮ್ಮ ತಂದೆಯವರು ಎಲ್ಲವನ್ನೂ ಕೇಳಿ ಒಂದೇ ಮಾತು ಕೇಳಿದರು: "ಅಲ್ಲಪ್ಪಾ, ಆ ಪರೀಕ್ಷೇಲಿ ಕೆಲಸ ಮಾಡಿಸಿ ನೋಡ್ತಾರೋ, ಬರೀ ಬಾಯಲ್ಲಿ ಕೇಳ್ತಾರೋ?" ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕಿದ ಫಲವೇ ಈ ಲೇಖನ.

ಮೊದಲು ವಿಷಯದ ಪರಿಚಯ. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದು ಹೊರಗಿಟ್ಟ ತಿರುಳೇ ಲಿನಕ್ಸ್. ಆಗ ಅವರಿಗೆ 21 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು! ಇದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಕ್ಲೌಡ್ ಎಂದರೆ ಮೋಡವೇನೂ ಅಲ್ಲ. ಎಲ್ಲಿಯೋ ಇರುವ ದೊಡ್ಡ ಕೇಂದ್ರಗಳ ಯಂತ್ರಶಕ್ತಿಯನ್ನು ಬಳಸಿದಷ್ಟಕ್ಕೆ ಬಾಡಿಗೆ ಕೊಟ್ಟು ಪಡೆಯುವ ಏರ್ಪಾಡು. ಅಮೆಜಾನ್ ಸಂಸ್ಥೆ 2016ರಲ್ಲಿ ಮುಂಬಯಿಯಲ್ಲಿಯೂ ಇಂಥ ಕೇಂದ್ರಗಳನ್ನು ತೆರೆಯಿತು. ಹೀಗೆ ಬಾಡಿಗೆಗೆ ಪಡೆದ ಯಂತ್ರದ ಒಳಹೊಕ್ಕು ನೋಡಿದರೆ ಅಲ್ಲಿ ಬಹಳ ಸಲ ಕಾಣುವುದು ಲಿನಕ್ಸೇ.

ಇನ್ನು ಪರೀಕ್ಷೆಗಳು. 1999ರಲ್ಲಿ ಸ್ಥಾಪಿತವಾದ ಲಿನಕ್ಸ್ ಪ್ರೊಫೆಷನಲ್ ಇನ್‌ಸ್ಟಿಟ್ಯೂಟ್ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಯಾವ ಒಂದು ಕಂಪನಿಯ ಲಿನಕ್ಸಿಗೂ ಕಟ್ಟುಬಿದ್ದಿಲ್ಲ. ಅದರ ಎಲ್‌ಪಿಐಸಿ-1 ಪ್ರಮಾಣಪತ್ರಕ್ಕೆ ಎರಡು ಪರೀಕ್ಷೆಗಳು; ಒಂದೊಂದರಲ್ಲಿಯೂ 90 ನಿಮಿಷ, 60 ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ಶುಲ್ಕ. ಆಯುಸ್ಸು ಐದು ವರ್ಷ. ಪಾಠಗಳನ್ನು ಸಂಸ್ಥೆಯೇ ಉಚಿತವಾಗಿ ಒದಗಿಸಿದೆ. ಆದರೆ ಇಲ್ಲಿ ಕೇಳುವುದು, ತಂದೆಯವರ ಮಾತಿನಲ್ಲಿ ಹೇಳುವುದಾದರೆ, ಬಾಯಲ್ಲಿ.

ರೆಡ್‌ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯ ರೀತಿಯೇ ಬೇರೆ. ಅಲ್ಲಿ ಉತ್ತರವನ್ನು ಆರಿಸಿ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರವನ್ನು ಮುಂದಿಟ್ಟು, ಇಂಥ ಬಳಕೆದಾರನನ್ನು ಸೇರಿಸು, ಇಂಥ ಸೇವೆಯನ್ನು ನಡೆಸು ಎಂದು ಕೆಲಸ ಕೊಡುತ್ತಾರೆ. ಅಂತರ್ಜಾಲದ ಸಹಾಯವಿಲ್ಲ, ಯಂತ್ರದೊಳಗೇ ಇರುವ ಕೈಪಿಡಿಯ ಪುಟಗಳನ್ನು ತೆರೆಯಬಹುದು. ಇದರಲ್ಲಿ ಒಂದು ನಿಬಂಧನೆಯುಂಟು, ಅದು ನನಗೆ ಬಹಳ ಹಿಡಿಸಿತು. ಮಾಡಿದ ಕೆಲಸ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದ ಮೇಲೆಯೂ ಉಳಿದಿರಬೇಕು. 'ಮೌಂಟ್' ಎಂಬ ಆಜ್ಞೆ ಕೊಟ್ಟರೆ ಹೊಸ ಡಿಸ್ಕು ಆಗಲೇ ಜೋಡಣೆಯಾಗುತ್ತದೆ, ಕಣ್ಣಿಗೂ ಕಾಣುತ್ತದೆ. ಆದರೆ 'ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲಿ ಅದಕ್ಕೊಂದು ಸಾಲು ಬರೆಯದಿದ್ದರೆ ಯಂತ್ರ ಮತ್ತೆ ಎದ್ದಾಗ ಆ ಜೋಡಣೆ ಇರುವುದಿಲ್ಲ. ಆ ಸಾಲನ್ನೇ ತಪ್ಪಾಗಿ ಬರೆದರೆ ಯಂತ್ರ ಅರ್ಧಕ್ಕೆ ನಿಂತುಬಿಡಲೂಬಹುದು. ಗೆಳೆಯನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಮಾಡಿಟ್ಟು ಒಂದು ರಾತ್ರಿಯೆಲ್ಲ ಒದ್ದಾಡಿದ್ದೇನೆ. ಹಾಗೆಯೇ ಸೇವೆಯೊಂದನ್ನು 'ಸ್ಟಾರ್ಟ್' ಮಾಡಿದರೆ ಆ ಹೊತ್ತಿಗೆ ಮಾತ್ರ, 'ಎನೇಬಲ್' ಮಾಡಿದರೆ ಮುಂದಿನ ಸಲವೂ ತಾನಾಗಿ ಏಳುತ್ತದೆ. ತಂದೆಯವರಿಗೆ ಇದನ್ನು ವಿವರಿಸಿದಾಗ, "ಗೋಡೆ ಮಳೆಗಾಲ ಕಳೆದ ಮೇಲೂ ನಿಂತಿರಬೇಕು ಅಂತಾರೆ, ಅಷ್ಟೇ ತಾನೆ?" ಎಂದರು.

ಕ್ಲೌಡ್ ಪ್ರಮಾಣಪತ್ರಗಳನ್ನು ನಾನು ಹೀಗಳೆಯುತ್ತಿಲ್ಲ. ಅಮೆಜಾನಿನ ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ 100 ಡಾಲರ್. 90 ನಿಮಿಷ, 65 ಪ್ರಶ್ನೆ, ಮೂರು ವರ್ಷದ ಆಯುಸ್ಸು. ಮೈಕ್ರೋಸಾಫ್ಟಿನ ಅಜೂರ್ ಆಡಳಿತಗಾರರ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಶುಲ್ಕವಿಲ್ಲ. ಆದರೆ ಒಂದೇ ವಸ್ತುವಿಗೆ ಒಂದೊಂದು ಕಂಪನಿಯದೂ ಒಂದೊಂದು ಹೆಸರು. ಬಾಡಿಗೆಯ ಯಂತ್ರವನ್ನು ಅಮೆಜಾನಿನವರು ಇಸಿ2 ಎನ್ನುತ್ತಾರೆ, ಗೂಗಲಿನವರು ಕಂಪ್ಯೂಟ್ ಎಂಜಿನ್ ಎನ್ನುತ್ತಾರೆ. ಹೆಸರುಗಳನ್ನು ಬಾಯಿಪಾಠ ಮಾಡಿದವನು ಆ ಯಂತ್ರ ಕೆಟ್ಟಾಗ ಒಳಗೆ ಇಳಿಯಲಾರನು. ಕಡತ, ಅನುಮತಿ, ಜಾಲ, ಸೇವೆ ಇವುಗಳನ್ನು ಬಲ್ಲವನಿಗೆ ಹೊಸ ಹೆಸರು ಕಲಿಯುವುದು ಕೆಲವು ವಾರಗಳ ಕೆಲಸವೆಂದು ನನ್ನ ಅಂದಾಜು. ಇನ್ನೊಂದು ಎಚ್ಚರಿಕೆಯ ಮಾತು: ಬಾಡಿಗೆ ಯಂತ್ರವನ್ನು ನಿಲ್ಲಿಸಲು ಮರೆತರೆ ಬಿಲ್ಲು ಏರುತ್ತಲೇ ಇರುತ್ತದೆ. ಅಭ್ಯಾಸಕ್ಕೆ ಹಳೆಯ ಲ್ಯಾಪ್‌ಟಾಪೇ ಮೇಲು.

ಆದುದರಿಂದ ನನ್ನ ಮಟ್ಟಿಗೆ ಕ್ರಮ ಹೀಗೆ ನಿಶ್ಚಯವಾಗಿದೆ. ಎಲ್‌ಪಿಐಸಿಯ ಉಚಿತ ಪಾಠಗಳನ್ನು ಓದುವುದು, ಪರೀಕ್ಷೆಗೆ ಮಾತ್ರ ಹಣ ಕಟ್ಟದಿರುವುದು. ಕೂಡಿಟ್ಟ ಹಣವನ್ನು ಆರ್‌ಎಚ್‌ಸಿಎಸ್‌ಎ ಪರೀಕ್ಷೆಗೆ ಕಟ್ಟುವುದು. ಕ್ಲೌಡ್ ಅದರ ಮೇಲೆ. ಕೆಲಸ ಕೊಡುವವರು ಇಂಥದೇ ಕ್ಲೌಡ್ ಬೇಕೆಂದು ಮೊದಲೇ ಹೇಳಿದ್ದರೆ ಮಾತು ಬೇರೆ. ರೆಡ್‌ಹ್ಯಾಟ್ ಲಿನಕ್ಸನ್ನು ಅಭ್ಯಾಸಕ್ಕೆಂದು ವ್ಯಕ್ತಿಗಳಿಗೆ ಉಚಿತವಾಗಿಯೇ ಕೊಡುತ್ತಾರೆ, ಹೆಸರು ನೋಂದಾಯಿಸಿದರಾಯಿತು. ಗೆಳೆಯನ ಲ್ಯಾಪ್‌ಟಾಪು ವಾರಕ್ಕೆ ಮೂರು ದಿನ ನನ್ನದು. ಈ ಪ್ರಮಾಣಪತ್ರವೂ ಮೂರೇ ವರ್ಷ ನಡೆಯುವುದೆಂಬ ಸಂಗತಿಯನ್ನು ಮಾತ್ರ ತಂದೆಯವರಿಗೆ ಇನ್ನೂ ಹೇಳಿಲ್ಲ.