ಕೂಲಿ ಎಷ್ಟಂತ ಹಾಡಿನಾಗ ಹೇಳ್ರಿ

ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಮೇಲೆ ಬಂದವರಿಗೆ ನಿಂತು ಹಾಡು ಕೇಳುವ ತ್ರಾಣ ಇರುವುದಿಲ್ಲ. ಚಹಾದಂಗಡಿ ಮುಂದೆ ಅವರು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಮಾತ್ರ ನಮಗೆ ಸಿಗುತ್ತಿತ್ತು. ಆರು ಜನರ ನಮ್ಮ ಬೀದಿ ಹಾಡಿನ ತಂಡ ಆ ಹೊತ್ತನ್ನೇ ನಂಬಿ ಹನ್ನೊಂದು ವರ್ಷ ನಡೆಯಿತು. ಪೀಠಿಕೆ ಭಾಷಣ ಬಿಟ್ಟೆವು. ಹಲಗಿ ಬಡಿತ ಮೊದಲು, ಹಾಡು ಆಮೇಲೆ.

ಕವಿ ಸಿದ್ಧಲಿಂಗಯ್ಯನವರ ಸಂಕಲನ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. 1979ರಲ್ಲಿ ‘ಸಮುದಾಯ’ ರಂಗತಂಡದ ಜಾಥಾ ನಾಡು ಸುತ್ತಿತು. ನಾವು ಹುಟ್ಟುವ ಮೊದಲಿನ ಸಂಗತಿಗಳಿವು. ಆ ಕಾಲದ ಹಾಡುಗಳು ನಮಗೆ ಮೆರವಣಿಗೆಗಳಲ್ಲಿ ಬಾಯಿಂದ ಬಾಯಿಗೆ ದಕ್ಕಿದವು. ಬೆಂಗಳೂರಿನಲ್ಲಿ ಓದಿ ಬಂದ ಗೆಳೆಯನೊಬ್ಬ 1976–77ರ ಲಂಡನ್ನಿನ ಪಂಕ್ ತಂಡಗಳನ್ನು ಮೊಬೈಲಿನಲ್ಲಿ ಕೇಳಿಸಿದ. ಎರಡು ಮೂರು ಸ್ವರಗುಚ್ಛ ಹಿಡಿದು ಬಾರಿಸುವ ಗಿಟಾರು, ಎಲ್ಲರೂ ಸೇರಿ ಕೂಗುವ ಪಲ್ಲವಿ. ಮುದಗಲ್ಲಿನ ಮೊಹರಂನಲ್ಲಿ ಹೆಜ್ಜೆ ಹಾಕಿ ಬೆಳೆದ ನಮಗೆ ಅದು ಪರಕೀಯ ಅನಿಸಲೇ ಇಲ್ಲ. ಇಲ್ಲಿಯೂ ಒಬ್ಬ ಎತ್ತಿಕೊಡುತ್ತಾನೆ, ಓಣಿ ದನಿಗೂಡಿಸುತ್ತದೆ.

ಹಲಗಿ ಕಲಿಸಿ ಅಂತ ಲಿಂಗಸುಗೂರು ಕಡೆಯ ಹಿರಿಯರೊಬ್ಬರ ಮನೆಗೆ ಹೋದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ತಮ್ಮಾ, ಊರವರ ಹೆಣದ ಮುಂದ ಬಡಿದು ಬಡಿದು ಸಾಕಾಗಿ ನಮ್ಮ ಓಣಿಯವರು ಇದನ್ನ ಕೆಳಗ ಇಟ್ಟೀವಿ. ಈಗ ನೀವು ಕ್ರಾಂತಿ ಅಂತ ಮತ್ತ ನಮ್ಮ ಹುಡುಗನ ಕೊರಳಿಗೇ ಹಾಕ್ತೀರೇನು?” ಅಂದರು. ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ನಿಜಕ್ಕೂ ನಮ್ಮ ತಂಡದಲ್ಲಿ ಹಲಗಿ ಹಿಡಿದಿದ್ದವನು ಆ ಓಣಿಯ ಹುಡುಗನೊಬ್ಬನೇ. ಫೋಟೊಗಳಲ್ಲೂ ಅವನು ಹಿಂದೆಯೇ ನಿಂತಿರುತ್ತಿದ್ದ. ಸಮಾನತೆ ಹಾಡುತ್ತಿದ್ದ ನಾನು ಅದನ್ನು ಗಮನಿಸಿರಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಹಿರಿಯರು ಒಂದು ಷರತ್ತಿನ ಮೇಲೆ ಒಪ್ಪಿದರು: ಆರೂ ಮಂದಿ ಕಲಿಯಬೇಕು, ಯಾವ ಜಾತಿಯವರಾದರೂ ಊರ ನಡುವೆ ಸರದಿಯಂತೆ ಬಡಿಯಬೇಕು. ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸುವುದು, ಬೆರಳಿಂದ ತಟ್ಟಿ ದನಿ ನೋಡುವುದು, ಮೋಡದ ದಿನ ಎರಡು ಸಲ ಕಾಯಿಸುವುದು, ಎಲ್ಲವನ್ನೂ ಅವರ ಅಂಗಳದಲ್ಲೇ ಕಲಿತೆವು. ನಮ್ಮಲ್ಲಿ ಇಬ್ಬರ ಮನೆಯಲ್ಲಿ ಜಗಳವಾಯಿತು. ಒಬ್ಬ ತಂಡ ಬಿಟ್ಟ. ಅವನ ಜಾಗಕ್ಕೆ ಆ ಹಿರಿಯರ ಮೊಮ್ಮಗಳು ಹಾಡಲು ಬಂದಳು.

ಇನ್ನೊಂದು ಪಾಠ ಸಿಂಧನೂರಿನ ಗದ್ದೆಗಳಲ್ಲಿ ಸಿಕ್ಕಿತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಮಸ್ಕಿ, ಲಿಂಗಸುಗೂರಿನ ಒಣ ಊರುಗಳ ಹೆಣ್ಣುಮಕ್ಕಳು ಟೆಂಪೊ ಹತ್ತಿ ನಾಟಿಗೆ ಹೋಗುತ್ತಾರೆ. ಬದುವಿನ ಮೇಲೆ ನಿಂತು ನಾವು ಶೋಷಣೆ, ಸಂಕೋಲೆ ಅಂತ ಹಾಡಿದೆವು. ಬುತ್ತಿ ಬಿಚ್ಚಿ ಕೂತಿದ್ದ ಅಕ್ಕ ಒಬ್ಬರು, “ಛಲೋ ಐತ್ರಿ. ಆದರ ಕೂಲಿ ಎಷ್ಟಂತ ಹಾಡಿನಾಗ ಹೇಳ್ರಿ. ಗಂಡಸಿಗೆ ಎಷ್ಟು, ನಮಗೆಷ್ಟು, ಅದನ್ನ ಹೇಳ್ರಿ” ಅಂದರು. ಅಲ್ಲೇ ಕೂತು ಅವರ ಬಾಯಿಂದಲೇ ಹಾಡು ತಿದ್ದಿಸಿದೆವು. ಬೆಳಗಿನ ಟೆಂಪೊ ಸದ್ದು, ಕೆಸರಲ್ಲಿ ಕೊಳೆತ ಬೆರಳಸಂದಿ, ರೂಪಾಯಿ ಲೆಕ್ಕ ಎಲ್ಲ ಅದರೊಳಗೆ ಬಂದವು. ನಮ್ಮ ಹಾಡುಗಳಲ್ಲಿ ಜನ ಮತ್ತೊಮ್ಮೆ ಹಾಡಿ ಅಂತ ಕೇಳಿದ್ದು ಅದೊಂದನ್ನೇ.

ಮದುವೆ, ನೌಕರಿ, ಬೆಂಗಳೂರಿನ ಗುಳೆ ಅಂತ ತಂಡ ಚದುರಿತು. ಹೋದ ವರ್ಷ ನಾಟಿ ಹಂಗಾಮಿನಲ್ಲಿ ಮಸ್ಕಿ ದಾಟುವಾಗ ನನ್ನ ಬೈಕನ್ನು ಟೆಂಪೊ ಒಂದು ಹಿಂದೆ ಹಾಕಿತು. ಒಳಗಿನ ಹೆಣ್ಣುಮಕ್ಕಳು ಅದೇ ಹಾಡು ಹಾಡುತ್ತಿದ್ದರು. ಕೂಲಿಯ ಮೊತ್ತವನ್ನು ಹೊಸ ದರಕ್ಕೆ ತಿದ್ದಿಕೊಂಡಿದ್ದರು.