ಫೋನು ಯಾರ ಮಾತು ಕೇಳಬೇಕು?

ಜಗಳೂರು ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರಲ್ಲಿ ನಾನು ವಿಆರ್‌ಡಬ್ಲ್ಯೂ, ಅಂದರೆ ವಿಕಲಚೇತನರ ನೆರವಿಗಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಮಾಸಾಶನದ ಅರ್ಜಿ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಗಾಲಿಕುರ್ಚಿ, ಇವೆಲ್ಲ ನನ್ನ ಕೆಲಸದ ಪಟ್ಟಿಯಲ್ಲಿವೆ. ವಾಯ್ಸ್ ಟೈಪಿಂಗ್ ಹೇಳಿಕೊಡುವುದು ಆ ಪಟ್ಟಿಯಲ್ಲಿಲ್ಲ. ಗೂಗಲ್ ಕೀಬೋರ್ಡು ಕನ್ನಡದ ಮಾತನ್ನು ಅಕ್ಷರಕ್ಕಿಳಿಸತೊಡಗಿದ್ದು 2017ರಲ್ಲಿ. ಅಗ್ಗದ ಫೋನು ಮನೆಮನೆ ಸೇರಿದ ಮೇಲೆ ಅದನ್ನು ಕಲಿಸಿಕೊಡಿ ಎನ್ನುವವರು ಹೆಚ್ಚಾದರು. ಹೀಗೆ ಕಲಿಸಲು ಹೊರಟವರಿಗೆ ನನ್ನ ಕೆಲವು ಮಾತು.

1. ಫೋನು ಯಾರ ಮಾತು ಕೇಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ನನಗೆ ಈ ಒಂದು ಪ್ರಶ್ನೆ ಸಾಕು. ಕೈ ಆಡದವರ ಮನೆಯಲ್ಲಿ, ಕಣ್ಣು ಕಾಣದವರ ಮನೆಯಲ್ಲಿ ಫೋನು ಅವರದೇ ಮಾತು ಕೇಳಬೇಕು. ಕಿವಿ ಕೇಳದವರ ಮನೆಯಲ್ಲಿ ಅದು ಎದುರಿಗಿರುವವರ ಮಾತು ಕೇಳಬೇಕು. ಇದು ಗೊತ್ತಾಗದೆ ಆ್ಯಪ್ ಹಾಕಿಕೊಟ್ಟು ಬಂದರೆ ಮರುವಾರಕ್ಕೆ ಆ ಫೋನಿನಲ್ಲಿ ಮೊಮ್ಮಕ್ಕಳು ರೀಲ್ಸ್ ನೋಡುತ್ತಿರುತ್ತಾರೆ.

2. ಮೈಕಿನ ಗುರುತನ್ನು ಒತ್ತುವವರು ಯಾರು? ಕತ್ತಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಮಲಗಿದ ಎಷ್ಟೋ ಜನರಿಗೆ ಮಾತು ಸ್ಪಷ್ಟವಾಗಿರುತ್ತದೆ, ಬೆರಳು ಮಾತ್ರ ಏಳುವುದಿಲ್ಲ. ಧ್ವನಿಯಿಂದ ಬರೆಯಲೂ ಮೊದಲು ಒಂದು ಸಲ ಪರದೆ ಮುಟ್ಟಬೇಕಲ್ಲ! ‘ಓಕೆ ಗೂಗಲ್’ ಎಂದು ಕರೆದರೆ ಕೆಲವು ಕೆಲಸ ಆಗುತ್ತದೆ, ಎಲ್ಲವೂ ಆಗುವುದಿಲ್ಲ. ಹಾಗಾಗಿ ಆ್ಯಪಿಗಿಂತ ಮೊದಲು ನಾನು ಹುಡುಕುವುದು ಊರಿನ ಬಡಗಿಯನ್ನೋ ವೆಲ್ಡಿಂಗ್‌ನವರನ್ನೋ. ಮಂಚಕ್ಕೆ ಒಂದು ಕಂಬಿ ಕಟ್ಟಿ, ಅದರ ತುದಿಗೆ ಬೈಕಿನ ಮೊಬೈಲ್ ಹೋಲ್ಡರ್ ಸಿಕ್ಕಿಸಿದರೆ ಫೋನು ಮುಖದ ಮುಂದೆ ಬಂದು ನಿಲ್ಲುತ್ತದೆ. ಆಮೇಲೆ ಗೆಣ್ಣಿನಿಂದಲೋ, ಬಾಯಲ್ಲಿ ಕಚ್ಚಿದ ಸ್ಟೈಲಸ್‌ನಿಂದಲೋ ಮುಟ್ಟಬಹುದು. ಚಾರ್ಜರ್ ವೈರು ಮಂಚದವರೆಗೆ ಎಟುಕುತ್ತದೆಯೇ ಎಂದೂ ನೋಡಿ. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಪ್ಲಗ್ಗು ಬಾಗಿಲ ಬಳಿ ಇರುತ್ತದೆ.

3. ಪುಸ್ತಕದ ಕನ್ನಡ ಮಾತಾಡಿಸಬೇಡಿ. ಮೈಕ್ ಆನ್ ಆದ ಕೂಡಲೇ ನಮ್ಮ ಹಿರಿಯರು ಭಾಷಣದ ದನಿ ತೆಗೆಯುತ್ತಾರೆ. ಅರ್ಧಕ್ಕೇ ತಡವರಿಸಿ ನಿಲ್ಲುತ್ತಾರೆ. ‘ಐತಿ’, ‘ಹೋಗಾಕ’, ‘ಬರ್ತೀನ್ರೀ’ ಎಂದೇ ಹೇಳಲಿ. ಫೋನು ಒಂದೆರಡು ಪದ ಕೆಡಿಸಿದರೂ ಓದುವವರು ನಮ್ಮವರೇ, ತಿಳಿದುಕೊಳ್ಳುತ್ತಾರೆ. ಅರ್ಥ ಕೆಟ್ಟ ಕಡೆ ಮಾತ್ರ ತಿದ್ದಿದರೆ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ರೆಸ್ಪಿನ್’ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಆಡುಮಾತುಗಳನ್ನು ಸಂಗ್ರಹಿಸಿದೆ. ಅದರ ಫಲ ನಮ್ಮ ತಾಲ್ಲೂಕಿನ ಸೊಕ್ಕೆ, ಬಿಳಿಚೋಡಿನ ಬಾಯಿಗೂ ಬೇಗ ಮುಟ್ಟಲಿ. ತಾಂಡಾಗಳ ಕಥೆ ಬೇರೆ. ಅಲ್ಲಿ ಅಜ್ಜಿ ಆಡುವ ಲಂಬಾಣಿಗೆ ಈ ಸೌಕರ್ಯವೇ ಇಲ್ಲ, ಕನ್ನಡದಲ್ಲಿ ಹೇಳು ಎಂದು ಆಕೆಯನ್ನು ಒತ್ತಾಯಿಸುವುದು ನನಗೆ ಸರಿ ಕಾಣುವುದಿಲ್ಲ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲು ಕಲಿಸಿದರಾಯಿತು. ನೆಟ್ ಇಲ್ಲದಾಗ ಮಾತಾಡಿಟ್ಟರೂ ಸಿಗ್ನಲ್ ಬಂದಾಗ ಅದು ಹೋಗಿ ಸೇರುತ್ತದೆ.

4. ಗುಟ್ಟಿಗೆ ಜಾಗ ಬೇಕು. ತರಬೇತಿಗಳಲ್ಲಿ ಇದರ ಮಾತೇ ಬರುವುದಿಲ್ಲ. ಮೊದಲು ತಮ್ಮನಿಗೆ ಹೇಳಿ ಮೆಸೇಜ್ ಬರೆಸುತ್ತಿದ್ದ ಹುಡುಗಿ ಈಗ ತಾನೇ ಬರೆಯುತ್ತಾಳೆ ಎಂದು ನಾವು ಖುಷಿಪಡುತ್ತೇವೆ. ಆದರೆ ಮೊದಲು ತಮ್ಮನೊಬ್ಬನಿಗೆ ಗೊತ್ತಾಗುತ್ತಿದ್ದುದು ಈಗ ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳಿಸುತ್ತದೆ! ಒಂದೇ ಕೋಣೆಯ ಮನೆಯಲ್ಲಿ ಗೆಳತಿಗೆ ಕಷ್ಟ ಹೇಳಿಕೊಳ್ಳುವುದು ಹೇಗೆ, ಆಶಾ ಕಾರ್ಯಕರ್ತೆಗೆ ಮೈಯ ತೊಂದರೆ ತಿಳಿಸುವುದು ಹೇಗೆ? ಹಲವರು ಧ್ವನಿ ಬಿಟ್ಟು ಮತ್ತೆ ನಿಧಾನದ ಬೆರಳಿಗೇ ಹಿಂತಿರುಗುವುದು ಈ ಕಾರಣಕ್ಕೆ. ನಾವು ಅದನ್ನು ‘ಆಸಕ್ತಿ ಇಲ್ಲ’ ಎಂದು ಬರೆದುಕೊಂಡು ಬರುತ್ತೇವೆ. ಮನೆಯವರೊಂದಿಗೆ ಕೂತು ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿಸಿ, ಆ ಹೊತ್ತಿನಲ್ಲಿ ಫೋನು ಬಳಸುವವರನ್ನು ಒಬ್ಬರೇ ಇರಲು ಬಿಡಲಿ. ಎಲ್ಲರೂ ಮೆಕ್ಕೆಜೋಳದ ಹೊಲಕ್ಕೆ ಹೋದ ಮೇಲಿನ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು. ಕಿವಿಗೆ ಸಿಕ್ಕಿಸುವ ಮೈಕಿನ ಇಯರ್‌ಫೋನ್ ಇದ್ದರೆ ಮೆಲ್ಲಗೆ ಆಡಿದ್ದೂ ದಾಖಲಾಗುತ್ತದೆ.

5. ಕಣ್ಣು ಕಾಣದವರಿಗೂ ಇಯರ್‌ಫೋನ್ ಬೇಕು. ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಗಟ್ಟಿಯಾಗಿ ಓದುವಾಗ ಮೈಕ್ ತೆರೆದಿದ್ದರೆ ಫೋನು ತನ್ನ ಮಾತನ್ನೇ ಕೇಳಿ ತಾನೇ ಬರೆದುಕೊಳ್ಳುವುದುಂಟು.

6. ‘ಲೈವ್ ಟ್ರಾನ್ಸ್‌ಕ್ರೈಬ್’ ಓದು ಬಲ್ಲವರಿಗೆ. ಎದುರಿನವರ ಮಾತನ್ನು ಪರದೆಯ ಮೇಲೆ ಅಕ್ಷರವಾಗಿಸುವ ಈ ಆ್ಯಪನ್ನು ಗೂಗಲ್ 2019ರಲ್ಲಿ, ಅಮೆರಿಕದ ಕಿವುಡರ ವಿಶ್ವವಿದ್ಯಾಲಯ ಗ್ಯಾಲೊಡೆಟ್ ಜೊತೆ ಸೇರಿ ತಂದಿತು. ಅದರಲ್ಲಿ ಕನ್ನಡವೂ ಇದೆ. ವಯಸ್ಸಾಗಿ ಕಿವಿ ಹೋದ ನಿವೃತ್ತ ಮೇಷ್ಟ್ರಿಗೆ ಇದು ವರ. ಹುಟ್ಟಿನಿಂದ ಕೇಳದ, ಸನ್ನೆಭಾಷೆಯಲ್ಲೇ ಬೆಳೆದ ಹುಡುಗನಿಗೆ ಓಡುವ ಕನ್ನಡ ಸಾಲುಗಳು ಎಷ್ಟೋ ಸಲ ತಲೆಗೆ ಹತ್ತುವುದಿಲ್ಲ. ಅವನಿಗೆ ಬೇಕಾದ್ದು ಸನ್ನೆ ಬಲ್ಲ ಮನುಷ್ಯ. ಫೋನನ್ನು ಮಾತಾಡುವವರ ಬಾಯಿಯ ಹತ್ತಿರ ಇಡಿ, ಓದುವವರ ಕೈಗೆ ಕೊಟ್ಟು ದೂರ ಕೂರಿಸಬೇಡಿ. ಜಗಳೂರು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಂತೂ ಚೀಟಿ ಬರೆದು ತೋರಿಸುವುದೇ ಮೇಲು.

7. ನಾಲಿಗೆ ತೊದಲುವವರನ್ನು ಫೋನಿನ ಮುಂದೆ ದಣಿಸಬೇಡಿ. ಸೆರೆಬ್ರಲ್ ಪಾಲ್ಸಿಯ ಮಗುವಿನ ಮಾತು ತಾಯಿಗೆ ಪೂರ್ತಿ ತಿಳಿಯುತ್ತದೆ, ಫೋನಿಗೆ ತಿಳಿಯುವುದಿಲ್ಲ. ಇಂಥ ದನಿಗಳನ್ನು ಯಂತ್ರಕ್ಕೆ ಕಲಿಸಲು ಗೂಗಲ್‌ನ ‘ಯುಫೋನಿಯಾ’ ಯೋಜನೆ 2019ರಲ್ಲಿ ಹೊರಟಿದ್ದು ಇಂಗ್ಲಿಷಿನಿಂದ. ಮಗುವನ್ನು ‘ಇನ್ನೊಂದ್ಸಲ ಹೇಳಪ್ಪಾ’ ಎಂದು ಸುಸ್ತುಮಾಡುವ ಬದಲು ನೀರು, ಊಟ, ನೋವು, ಅಮ್ಮ ಎಂಬ ಚಿತ್ರಗಳ ರಟ್ಟೊಂದನ್ನು ಮಾಡಿ ಕೊಡಿ. ಮಗು ಬೊಟ್ಟಿಟ್ಟೋ ಕಣ್ಣಾಡಿಸಿಯೋ ತೋರಿಸಲಿ. ಮುಂದೇನು ಎಂದು ಕೇಳಲು ದಾವಣಗೆರೆಯಲ್ಲಿ ವಿಕಲಚೇತನರ ಸಂಯೋಜಿತ ಪ್ರಾದೇಶಿಕ ಕೇಂದ್ರ (ಸಿಆರ್‌ಸಿ) ಇದೆ.

8. ಪಿನ್, ಓಟಿಪಿ ಎಂದೂ ಬಾಯಲ್ಲಿ ಬೇಡ.

9. ಪರೀಕ್ಷೆಯ ಬಗ್ಗೆ ವರ್ಷದ ಮೊದಲಲ್ಲೇ ಕೇಳಿ. ಮನೆಯಲ್ಲಿ ಧ್ವನಿಯಿಂದ ನೋಟ್ಸ್ ಬರೆಯುವ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಫೋನು ಸಿಗುವುದಿಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಹೇಳಿದ್ದನ್ನು ಬರೆದುಕೊಡುವ ಬರಹಗಾರರ ನೆರವು, ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ, ಸಾಧ್ಯವಾದ ಕಡೆ ಕಂಪ್ಯೂಟರ್, ಉತ್ತರವನ್ನು ಧ್ವನಿಮುದ್ರಿಸುವ ಅವಕಾಶ ಎಲ್ಲವೂ ಇದ್ದವು. ನಮ್ಮ ಕಡೆ ನಡೆಯುವುದು ಬರಹಗಾರರದೇ. ಆದ್ದರಿಂದ ಮನುಷ್ಯನಿಗೆ ಹೇಳಿ ಬರೆಸುವುದನ್ನೂ ಮಗು ಬೇರೆಯಾಗಿ ರೂಢಿ ಮಾಡಿಕೊಳ್ಳಬೇಕು. ಫೋನು ಕಾಯುವುದಿಲ್ಲ, ಬರಹಗಾರ ಕಾಯುತ್ತಾನೆ, ನಡುವೆ ಏನೆಂದಿರಿ ಎಂದು ಕೇಳುತ್ತಾನೆ. ಉಳಿದ ಅವಕಾಶಗಳು ಬೇಕೆನ್ನುವವರು ಶಾಲೆ ಶುರುವಾದ ತಿಂಗಳಲ್ಲೇ ಯುಡಿಐಡಿ ಪ್ರತಿ ಲಗತ್ತಿಸಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬನ್ನಿ.