ಅಮ್ಮನ ದುಡಿಮೆ, ಅಪ್ಪನ ಆರ್‌ಟಿಸಿ, ಮಗಳ ಪಾಲು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಒಂದು ಸಂಸಾರ ಮುರಿದಾಗ ತಾಯಿ ಮಗಳ ನಡುವಿನ ಹಣದ ಲೆಕ್ಕ ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಮೊದಲು ಆ ಮನೆಯ ಕಟ್ಟು, ಅಂದರೆ ಆಸ್ತಿ ಇಳಿದುಬರುವ ಪದ್ಧತಿ, ನೋಡಿ ತಿಳಿಯಬೇಕು. ಬಂಟರು, ಬಿಲ್ಲವರು ಮೊದಲಾದವರದು ಅಳಿಯಕಟ್ಟು. ಹವ್ಯಕರು, ಗೌಡರು ಮೊದಲಾದವರದು ಮಕ್ಕಳಕಟ್ಟು. ಎರಡೂ ಬಗೆಯ ಮನೆಗಳ ಅಡಿಕೆ ಒಂದೇ ಅಂಗಡಿಯಲ್ಲಿ ತೂಕಕ್ಕೆ ಬೀಳುತ್ತದೆ, ಒಂದೇ ಸೊಸೈಟಿಯಲ್ಲಿ ಸಾಲ ಸಿಗುತ್ತದೆ. ಆದರೆ ಗಂಡ ಹೆಂಡತಿ ಬೇರೆಯಾದ ದಿನ ತಾಯಿ ಮಗಳು ನಿಲ್ಲುವ ನೆಲ ಒಂದೇ ಅಲ್ಲ. ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ನೆಲ್ಯಾಡಿ ಕಡಬದ ಕಡೆಯ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಆ ಮನೆಗಳ ಲೆಕ್ಕ ಬೇರೆಯೇ ಬರೆಯಬೇಕಾದದ್ದು.

ಅಳಿಯಕಟ್ಟಿನ ಕುಟುಂಬದಲ್ಲಿ ಆಸ್ತಿಯ ಎಳೆ ಹೆಣ್ಣಿನಿಂದ ಹೆಣ್ಣಿಗೆ ಇಳಿಯುತ್ತಿತ್ತು. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣು ಸಾಲಿನಲ್ಲಿ ಬಂದ ಅವಳ ಸಂತತಿ ಸೇರಿದರೆ ಒಂದು ಕವರು. ಗಂಡನ ಜತೆ ಬಾಳಲಿ, ಬಿಡಲಿ, ಹೆಣ್ಣಿನ ಹಕ್ಕು ಇದ್ದದ್ದು ತಾಯಿಯ ಕುಟುಂಬದಲ್ಲಿ. ಹಾಗಾಗಿ ಮದುವೆ ಮುರಿದರೆ ಮನಸ್ಸಿಗೆ ನೋವಾದರೂ ಜಾಗದ ಲೆಕ್ಕ ಅಲುಗುತ್ತಿರಲಿಲ್ಲ. ಅದು ಅಲುಗುತ್ತಿದ್ದದ್ದು ಕುಟುಂಬವೇ ಪಾಲಾಗುವಾಗ. ಎಲ್ಲರ ಒಪ್ಪಿಗೆಯಿಲ್ಲದೆ ಪಾಲು ಕೇಳುವಂತಿಲ್ಲ ಎಂಬ ಹಳೆಯ ಕಟ್ಟಳೆಯನ್ನು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಸಡಿಲಿಸಿತು. ಕವರು ತನ್ನ ಪಾಲು ಕೇಳಿ ಹೊರಬೀಳಬಹುದಾಯಿತು. ಕಾಯ್ದೆಯ ಒಂದು ನಿಬಂಧನೆ ಮಾತ್ರ ತಾಯಿ ಮಗಳ ನಡುವೆಯೇ ಬಂದು ಕೂತಿತು. ಬೇರೆ ಬೇರೆ ಕವರುಗಳಿಗೆ ಮೂಲವಾದ ತಾಯಿ ಬದುಕಿದ್ದು, ಅವಳಿಗೆ ಐವತ್ತು ತುಂಬಿರದಿದ್ದರೆ, ಮಗಳ ಕವರು ಪಾಲು ಕೇಳಲು ಅವಳ ಲಿಖಿತ ಒಪ್ಪಿಗೆ ಬೇಕು. ಇಲ್ಲವೇ ಆ ಕವರಿನ ಪ್ರಾಯ ತುಂಬಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಟ್ಟಾಗಿ ಕೇಳಬೇಕು. ಆ ತಾಯಿ ತಾನಾಗಿಯೇ ಪಾಲು ಮಾಡಿಸಲು ಹೊರಟರೆ ಯಾವ ತಡೆಯೂ ಇಲ್ಲ. ಐವತ್ತು ಎಂಬ ಗೆರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಕಡೆಯೂ ಇದೆ: ಐವತ್ತು ತುಂಬದ ಹೆಣ್ಣೊಬ್ಬಳಾದರೂ ಇರುವುದು ಸಂತತಿ ಕವರು, ಉಳಿದದ್ದು ನಿಸ್ಸಂತತಿ ಕವರು. ಸಂತತಿ ಕವರು ಇರುವ ಕುಟುಂಬದಲ್ಲಿ ನಿಸ್ಸಂತತಿ ಕವರಿಗೆ ಸಿಗುತ್ತಿದ್ದದ್ದು ಜೀವಾವಧಿ ಅನುಭವ ಮಾತ್ರ. ಹೆಣ್ಣಿನ ಸಾಲಿಗೆ ಇಷ್ಟು ಬೆಲೆ ಕೊಟ್ಟ ಕಾನೂನು ಹೆಣ್ಣಿನ ವಯಸ್ಸನ್ನು ಇಷ್ಟು ಒರಟಾಗಿ ಅಳೆದದ್ದು ವಿಚಿತ್ರವೇ.

ಮಕ್ಕಳಕಟ್ಟಿನಲ್ಲಿ ಚಿತ್ರ ತಲೆಕೆಳಗು, ಆಸ್ತಿ ಇಳಿಯುವುದು ತಂದೆಯ ಸಾಲಿನಲ್ಲಿ. ಅಲ್ಲಿ ಹೆಂಡತಿಯಾಗಿ ಬಂದವಳು ಗಂಡನ ಕುಟುಂಬದ ಪಾಲುದಾರಳಲ್ಲ, ಪಾಲು ಕೇಳುವ ಹಕ್ಕೂ ಅವಳಿಗಿಲ್ಲ. ಹಳೆ ಮೈಸೂರಿನಲ್ಲಿ 1933ರ ಕಾಯ್ದೆ ಪಾಲಿನ ವೇಳೆ ಮನೆಯ ಹೆಂಗಸರಿಗೆ ಒಂದಷ್ಟು ಭಾಗ ಕೊಟ್ಟಿತ್ತು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅದು ಘಟ್ಟ ಇಳಿಯಲಿಲ್ಲ. ಮಗಳ ಕತೆ ಮಾತ್ರ ಬದಲಾಗುತ್ತ ಬಂತು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನು ಪಾಲುದಾರರನ್ನಾಗಿ ಮಾಡಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಪಾಲುಪಟ್ಟಿಯನ್ನು ಮತ್ತೆ ಬಿಚ್ಚುವಂತಿಲ್ಲ.

ಹೀಗಾಗಿ ಗಂಡ ಹೆಂಡತಿ ಬೇರೆಯಾದ ಮಕ್ಕಳಕಟ್ಟಿನ ಮನೆಯಲ್ಲಿ ವರ್ಷಗಟ್ಟಲೆ ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಹಟ್ಟಿ ನೋಡಿದ ತಾಯಿಗೆ ತೋಟದಲ್ಲಿ ಹಕ್ಕಿಲ್ಲ. ಜೀವನಾಂಶ ಕೇಳಬಹುದು, ಅಷ್ಟೇ. ಓದಲೆಂದು ಮನೆ ಬಿಟ್ಟು ರಜೆಗೆ ಮಾತ್ರ ಬರುತ್ತಿದ್ದ ಮಗಳಿಗೆ ಹಕ್ಕಿದೆ. ತಾಯಿಗೆ ಮಗಳ ಮೂಲಕವಲ್ಲದೆ ಆ ಜಾಗ ತಲುಪುವ ದಾರಿಯಿಲ್ಲ. ಈ ಅಂಕಣ ಬರೆಯುವವಳ ಮನೆಯಲ್ಲಿ ಆದದ್ದೂ ಇದೇ. ತಂದೆ ತಾಯಿ ವಿಚ್ಛೇದನಕ್ಕೆ ಹೋಗಲಿಲ್ಲ, ಬೇರೆಯಾದರು. ಈ ಸೀಮೆಯಲ್ಲಿ ಪ್ರಾಯವಾದವರು ಹೆಚ್ಚಾಗಿ ಆರಿಸಿಕೊಳ್ಳುವ ದಾರಿ ಅದು. ತಾಯಿ ಕಡಬದ ಕಡೆಯ ತೋಟದ ಮನೆ ಬಿಟ್ಟು ಪುತ್ತೂರಿನ ಬಾಡಿಗೆ ಮನೆಗೆ ಬಂದರು. ಆಮೇಲೆ ಅವರು ಮಗಳ ಬಳಿ ಕೇಳಿದ್ದು ಹಣವನ್ನಲ್ಲ, ಅಪ್ಪನ ಬಳಿ ಪಾಲು ಕೇಳಬೇಕೆಂದು. ಮಗಳಿಗೆ ಅಪ್ಪನ ಮೇಲೆ ಮೊಕದ್ದಮೆ ಹೂಡಲು ಮನಸ್ಸಿರಲಿಲ್ಲ. ತಾಯಿಗೆ ಆ ಹಿಂಜರಿಕೆ ಅಪ್ಪನ ಪರ ನಿಂತ ಹಾಗೆ ಕಂಡಿತು. ಅದುವರೆಗೆ ಅಡುಗೆಮನೆಯಲ್ಲಿ ಒಂದೇ ದನಿಯಲ್ಲಿ ಮಾತಾಡುತ್ತಿದ್ದವರು ವಕೀಲರ ಕಚೇರಿಯ ಬೆಂಚಿನಲ್ಲಿ ಎಡೆಬಿಟ್ಟು ಕೂತರು. ಇಂಥ ಮನೆಗಳಲ್ಲಿ ಜಗಳ ಗಂಡ ಹೆಂಡತಿಯದು ಎಂದು ಊರು ತಿಳಿಯುತ್ತದೆ. ಕಾನೂನು ಅದನ್ನು ತಾಯಿ ಮಗಳ ಮಧ್ಯೆ ತಂದು ಹಾಕಿರುವುದು ಹೊರಗಿನವರಿಗೆ ಕಾಣುವುದಿಲ್ಲ.

ಪಾಲು ಕೇಳುವ ಮೊದಲು ಜಾಗದ ಮೂಲ ನೋಡಬೇಕು. ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತವಲ್ಲ. ಅಜ್ಜನ ಸ್ವಂತ ಜಾಗವಾಗಿದ್ದು, ಅವರು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ತೀರಿಕೊಂಡು ತಂದೆಗೆ ಬಂದಿದ್ದರೆ ಅದು ತಂದೆಯ ಸ್ವಂತ ಸೊತ್ತೇ ಆಗುತ್ತದೆ ಎಂದು 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಡಿಕ್ಲರೇಶನ್ ಅರ್ಜಿ ಕೊಟ್ಟು ಪಡೆದ ಜಾಗ ಈ ಕಡೆ ಬಹಳ. ಆ ಅರ್ಜಿ ಒಬ್ಬರ ಹೆಸರಲ್ಲಿದ್ದರೂ ಗೇಣಿ ಇಡೀ ಕುಟುಂಬದ್ದಾಗಿತ್ತೇ ಎಂಬುದು ಪ್ರಶ್ನೆ. ಹಳೆಯ ಕಾಗದ ತೆಗೆಸದೆ ಮಗಳ ಹಕ್ಕು ಎಷ್ಟೆಂದು ಹೇಳುವವರ ಮಾತಿಗೆ ಬೆಲೆ ಕೊಡಬಾರದು.

ಬರೆಯುವವಳ ಮನೆಯಲ್ಲಿ ಕೊನೆಗೆ ಮಾತುಕತೆಯಲ್ಲಿ ತೀರ್ಮಾನವಾಯಿತು: ತೋಟದ ಒಂದು ಭಾಗ ಮಗಳ ಹೆಸರಿಗೆ, ತಾಯಿಗೆ ಅದರಲ್ಲಿ ಜೀವಾವಧಿ ಅನುಭವ. ಕೇಳಲು ಚೆಂದದ ಏರ್ಪಾಡು. ವಕೀಲರು ಒಪ್ಪಲಿಲ್ಲ. 1956ರ ಕಾಯ್ದೆಯ 14ನೇ ಕಲಮಿನ ಪ್ರಕಾರ, ಹೆಂಗಸಿಗೆ ಜೀವನಾಂಶದ ಹಕ್ಕಿನ ಬದಲಿಗೆ ಕೊಟ್ಟ ಸೊತ್ತು ಕಾಗದದಲ್ಲಿ ಬರೀ ಜೀವಾವಧಿ ಎಂದು ಬರೆದಿದ್ದರೂ ಅವಳ ಪೂರ್ಣ ಸ್ವಂತವಾಗುತ್ತದೆ. 1977ರ ತುಳಸಮ್ಮ ಪ್ರಕರಣದಿಂದ ಇದು ಗಟ್ಟಿಯಾಗಿದೆ. ಅಂದರೆ ಒಂದೇ ಜಾಗದ ಮೇಲೆ ತಾಯಿಯ ವಾರಸುದಾರರೂ ಮಗಳೂ ಮುಂದೆ ಎದುರಾಗಬಹುದು. ಆದ್ದರಿಂದ ಜಾಗ ತಾಯಿಯ ಹೆಸರಿಗೇ ಪೂರ್ಣವಾಗಿ ಆಯಿತು, ತಾಯಿ ಮಗಳಿಗೆ ವೀಲುನಾಮೆ ಬರೆದರು. ವೀಲುನಾಮೆಯನ್ನು ಬರೆದವರು ಬದುಕಿರುವಷ್ಟು ಕಾಲ ಬದಲಿಸಬಹುದು. ಹುಟ್ಟಿನಿಂದ ಪಾಲುದಾರಳಾಗಿದ್ದ ಮಗಳು ಈಗ ತಾಯಿಯ ಮನಸ್ಸನ್ನು ನಂಬಿ ಇರುವವಳು. ಏನೂ ಇಲ್ಲದಿದ್ದ ತಾಯಿ ಒಡತಿ. ಇದು ನ್ಯಾಯವೆಂದೇ ಬರೆಯುವವಳ ಅಭಿಪ್ರಾಯ, ಏಕೆಂದರೆ ಆ ತೋಟಕ್ಕೆ ಬೆವರು ಸುರಿಸಿದ್ದು ಯಾರೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಜೀವನಾಂಶದ ಮೊತ್ತ ತೀರ್ಮಾನಿಸುವುದು ಅಡಿಕೆ ಬೆಳೆಗಾರರ ಮನೆಗಳಲ್ಲಿ ಕಷ್ಟದ ಕೆಲಸ. 2020ರ ನವೆಂಬರ್‌ನ ರಜನೀಶ್ ವಿರುದ್ಧ ನೇಹಾ ತೀರ್ಪಿನ ಬಳಿಕ ಎರಡೂ ಕಡೆಯವರು ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಮೊತ್ತವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿಯಬೇಕು. ಸಂಬಳದವರಿಗೆ ಇದು ಸರಿ. ಆದರೆ ಅಟ್ಟದಲ್ಲಿ ಗೋಣಿ ಕಟ್ಟಿಟ್ಟ ಚಾಲಿ ಅಡಿಕೆ ಈ ಸೀಮೆಯ ಉಳಿತಾಯ ಖಾತೆ. ಮಾರುವವರೆಗೆ ಅದು ಯಾವ ಬ್ಯಾಂಕಿನ ಪುಸ್ತಕದಲ್ಲೂ ಕಾಣುವುದಿಲ್ಲ. ಅಡಿಕೆ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಸದಸ್ಯತ್ವ, ಸೊಸೈಟಿಯ ಬೆಳೆಸಾಲ, ಅಡಿಕೆ ಮಾರಿದ ಹಣ ಎಲ್ಲವೂ ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿರುವವರ ಕಡೆಗೇ ಹೋಗುತ್ತವೆ. ಎದುರು ಕಡೆಗೂ ಒಂದು ನ್ಯಾಯವಿದೆ. ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ರೋಗ ತಗಲಿದ ತೋಟ ಆರ್‌ಟಿಸಿಯಲ್ಲಿ ಎಕರೆಗಟ್ಟಲೆ ಕಂಡರೂ ಕೊಯ್ಲಿಗೆ ಏನೂ ಉಳಿದಿರುವುದಿಲ್ಲ. ಎಕರೆ ಎಣಿಸಿ ಮೊತ್ತ ಕೇಳುವ ಮಗಳಿಗೆ ಮರದ ತಲೆ ನೋಡಿ ಗೊತ್ತಿರುವ ತಾಯಿಯೇ ತಿಳಿಹೇಳಬೇಕಾಗುತ್ತದೆ.

ಬಾಡಿಗೆ ಮನೆಯಲ್ಲಿ ಹಣದ ಹರಿವು ದಿಕ್ಕು ಬದಲಿಸುತ್ತದೆ. ಅಲ್ಲಿಯವರೆಗೆ ಕರಿಮೆಣಸು ಮಾರಿದ ಹಣ, ಹಾಲಿನ ಸೊಸೈಟಿಯ ಹಣ ಮಗಳ ಫೀಸಿಗೆ ಹೋಗುತ್ತಿತ್ತು. ಈಗ ಮಗಳ ಸಂಬಳ ತಾಯಿಯ ಬಾಡಿಗೆಗೆ ಬರುತ್ತದೆ. ಬರೆಯುವವಳ ತಾಯಿ ಮಗಳು ಕೊಟ್ಟ ಪ್ರತಿ ಮೊತ್ತವನ್ನೂ ಒಂದು ನೋಟ್‌ಪುಸ್ತಕದಲ್ಲಿ ‘ಸಾಲ’ ಎಂದೇ ಬರೆದಿಡುತ್ತಿದ್ದರು. ಮಗಳಿಗೆ ಅದು ಬೇಸರ ತಂದಿತು, ‘ಏನಮ್ಮ, ನಾನೇನು ಸೊಸೈಟಿಯಾ’ ಎಂದು ಜಗಳವೂ ಆಯಿತು. ಖರ್ಚಿನ ಪ್ರಮಾಣಪತ್ರ ತಯಾರಿಸುವಾಗ ವಕೀಲರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಪುಸ್ತಕ: ಬಾಡಿಗೆ, ಮದ್ದು, ಸ್ವಸಹಾಯ ಸಂಘದ ಕಂತು, ಎಲ್ಲಕ್ಕೂ ತಾರೀಕು ಇತ್ತು. ಸಂಘದ ಕಂತನ್ನು ಮರೆಯುವವರು ಬಹಳ. ಗುಂಪಿನ ಹೊಣೆಯಲ್ಲಿ ತೆಗೆದ ಸಾಲವನ್ನು ಊರು ಬಿಟ್ಟ ಹೆಂಗಸು ಕಟ್ಟದಿದ್ದರೆ ಅದು ಗುಂಪಿನ ಉಳಿದ ಹೆಂಗಸರ ಮೇಲೆ ಬೀಳುತ್ತದೆ. ತಾಯಿ ಮಗಳು ಜಂಟಿ ಖಾತೆ ತೆರೆಯುವುದು ಒಳ್ಳೆಯದೇ. ಆದರೆ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಷರತ್ತು ಬ್ಯಾಂಕು ಯಾರ ಕೈಗೆ ಹಣ ಕೊಡಬೇಕೆಂಬುದನ್ನಷ್ಟೇ ಹೇಳುತ್ತದೆ. ಹಣ ಯಾರದು ಎಂಬುದನ್ನು ಉತ್ತರಾಧಿಕಾರದ ಕಾನೂನು ತೀರ್ಮಾನಿಸುತ್ತದೆ. ನಾಮಿನಿಯ ವಿಷಯವೂ ಹಾಗೆಯೇ.

ಬೀಡಿ ಕಟ್ಟಿದ ಹೆಂಗಸರಿಗೆ ಅವರದೇ ಹೆಸರಿನ ಭವಿಷ್ಯನಿಧಿ ಇರುತ್ತದೆ. 1952ರ ಯೋಜನೆಯಲ್ಲಿ ಹೆಂಗಸು ಆಯುಕ್ತರಿಗೆ ಲಿಖಿತವಾಗಿ ತಿಳಿಸಿ ಗಂಡನನ್ನು ಕುಟುಂಬದ ವ್ಯಾಖ್ಯೆಯಿಂದ ಹೊರಗಿಡಬಹುದು, ಮಗಳನ್ನೋ ಅವಲಂಬಿತ ತಾಯಿಯನ್ನೋ ನಾಮಿನಿ ಮಾಡಬಹುದು. ಮದುವೆಗೆ ಮೊದಲು ಮಾಡಿದ ನಾಮಿನೇಶನ್ ಮದುವೆಯ ಬಳಿಕ ನಿಲ್ಲುವುದಿಲ್ಲ. ರೇಷನ್ ಕಾರ್ಡು ಸಣ್ಣ ವಿಷಯವೆನಿಸಿದರೂ 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಅದಕ್ಕೆ ತಿಂಗಳಿಗೆ 2,000 ರೂಪಾಯಿಯ ತೂಕವಿದೆ. ಗಂಡನ ಮನೆಯ ಕಾರ್ಡಿನಿಂದ ಹೆಸರು ತೆಗೆಸದೆ ಮಗಳು ತಾಯಿಯ ಕಾರ್ಡಿಗೆ ಸೇರುವಂತಿಲ್ಲ. ಸೇರಿದ ಮೇಲೂ ಯಜಮಾನಿ ಒಬ್ಬಳೇ.

ಚಿನ್ನದ ವಿಷಯದಲ್ಲಿ ತಾಯಂದಿರ ತಿಳಿವಳಿಕೆ ಕಾನೂನಿಗಿಂತ ಬೇರೆ. ತಾನು ಕಷ್ಟಪಟ್ಟು ಮಾಡಿಸಿ ಮಗಳ ಮೈಮೇಲೆ ಹಾಕಿದ್ದು ತನ್ನದೇ ಎಂದು ತಾಯಿಗೆ ಅನಿಸುವುದು ಸಹಜ. ಮಗಳ ಮದುವೆ ಮುರಿದರೆ ಅದನ್ನು ಕೇಳಿ ತರಲು ತವರಿನವರೇ ಹೊರಡುತ್ತಾರೆ. ಸ್ತ್ರೀಧನ ಹೆಣ್ಣಿನ ಸ್ವಂತ, ಗಂಡನ ಮನೆಯವರು ಅದರ ಕಾವಲುಗಾರರು ಮಾತ್ರ ಎಂದು 1985ರ ಪ್ರತಿಭಾ ರಾಣಿ ತೀರ್ಪು ಹೇಳಿತು. ಮಗಳು ಅಧಿಕಾರ ಕೊಡದೆ ತಂದೆಯೂ ಅದನ್ನು ವಾಪಸು ಕೇಳುವಂತಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಗಳ ಸಂಸಾರ ಮುರಿದು ಅವಳು ತವರಿಗೆ ಬಂದಾಗ ಕಟ್ಟಿನ ವ್ಯತ್ಯಾಸ ಮತ್ತೆ ತಲೆ ಎತ್ತುತ್ತದೆ. ಅಳಿಯಕಟ್ಟಿಗೆ ಸೇರಿದವಳು ವೀಲುನಾಮೆ ಬರೆಯದೆ ತೀರಿಕೊಂಡರೆ, 1956ರ ಕಾಯ್ದೆಯ 17ನೇ ಕಲಮಿನಂತೆ ಮೊದಲ ಹಕ್ಕು ಮಕ್ಕಳಿಗೆ ಮತ್ತು ತಾಯಿಗೆ. ಗಂಡ ಬರುವುದು ಎರಡನೆಯ ಸಾಲಿನಲ್ಲಿ, ಅವಳ ತಂದೆಯ ಜತೆ. ಮಕ್ಕಳಕಟ್ಟಿನವಳಾದರೆ 15ನೇ ಕಲಮಿನಂತೆ ಮೊದಲು ಮಕ್ಕಳು ಮತ್ತು ಗಂಡ, ಅವರಿಲ್ಲದಿದ್ದರೆ ಗಂಡನ ವಾರಸುದಾರರು, ಆಮೇಲೆ ತಾಯಿ ತಂದೆ. ವಿಚ್ಛೇದನದ ಡಿಕ್ರಿ ಆಗುವವರೆಗೆ ಬೇರೆ ವಾಸಿಸುವ ಗಂಡನೂ ಗಂಡನೇ. ತಾಯಿಗಿಂತ ಗಂಡನ ವಾರಸುದಾರರು ಮೊದಲು ಬರುವುದಕ್ಕೆ 2009ರ ಓಂಪ್ರಕಾಶ್ ವಿರುದ್ಧ ರಾಧಾಚರಣ್ ಪ್ರಕರಣ ಕಹಿ ಉದಾಹರಣೆ. ಮದುವೆಯಾಗಿ ಮೂರು ತಿಂಗಳಲ್ಲೇ ಗಂಡ ಹಾವು ಕಚ್ಚಿ ಸತ್ತು, ಗಂಡನ ಮನೆಯವರು ಹೊರಹಾಕಿದ ಹೆಣ್ಣೊಬ್ಬಳನ್ನು ತವರಿನವರು ಓದಿಸಿದರು, ಅವಳು ಕೆಲಸ ಹಿಡಿದಳು. ಅವಳು ವೀಲುನಾಮೆ ಬರೆಯದೆ ತೀರಿಕೊಂಡ ಮೇಲೆ ಬ್ಯಾಂಕಿನ ಹಣ, ಭವಿಷ್ಯನಿಧಿಗಾಗಿ ಅವಳ ತಾಯಿ ಕೋರ್ಟಿಗೆ ಹೋದರು. ಅದು ಗಂಡನ ಅಕ್ಕತಂಗಿಯ ಮಕ್ಕಳಿಗೆ ಸೇರಬೇಕೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತಂದೆ ತಾಯಿಯಿಂದ ವಾರಸಿನಲ್ಲಿ ಬಂದದ್ದಕ್ಕೆ ಒಂದು ವಿನಾಯಿತಿ ಇದೆ: ಮಕ್ಕಳಿಲ್ಲದಿದ್ದರೆ ಅದು ತಂದೆಯ ವಾರಸುದಾರರಿಗೆ ಮರಳುತ್ತದೆ. ಆದರೆ ತಾಯಿ ಬದುಕಿರುವಾಗಲೇ ದಾನಪತ್ರ ಮಾಡಿ ಕೊಟ್ಟದ್ದು ವಾರಸಿನದ್ದಲ್ಲವಾದ್ದರಿಂದ ಆ ವಿನಾಯಿತಿಯೊಳಗೆ ಬರುವುದಿಲ್ಲ.

ದಾನಪತ್ರ ಕೊಡುವ ತಾಯಿಗೂ ಎಚ್ಚರ ಬೇಕು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಅರುವತ್ತು ದಾಟಿದವರು ಕೊಟ್ಟ ಸೊತ್ತನ್ನು, ಷರತ್ತು ಮುರಿದರೆ ರದ್ದು ಮಾಡಿಸಬಹುದು. ಆ ಷರತ್ತು ಪತ್ರದಲ್ಲೇ ಬರೆದಿದ್ದರೆ ವಾದಕ್ಕೆ ಎಡೆಯಿರುವುದಿಲ್ಲ. ಇದೇ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದು. ಈ ತಾಲೂಕುಗಳವರು ಹೋಗಬೇಕಾದದ್ದು ಪುತ್ತೂರಿನ ಸಹಾಯಕ ಆಯುಕ್ತರ ಮುಂದೆ. ತಂದೆ ತಾಯಿಯ ಜೀವನಾಂಶಕ್ಕೆ ಮದುವೆಯಾದ ಮಗಳೂ ಹೊಣೆಗಾರಳೇ ಎಂದು ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ತಾಯಿಯ ಪಕ್ಕ ನಿಂತ ಮಗಳ ಮೇಲೆ ತಂದೆಯೂ ಅರ್ಜಿ ಹಾಕಬಹುದು. ಅವರೂ ಹಿರಿಯ ನಾಗರಿಕರೇ.

ವೀಲುನಾಮೆಗೆ ನೋಂದಣಿ ಕಡ್ಡಾಯವಲ್ಲ, ಛಾಪಾಕಾಗದವೂ ಬೇಡ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಆಸ್ತಿ ಪಡೆಯುವ ಮಗಳು ಸಾಕ್ಷಿ ಹಾಕದಿರುವುದು ಲೇಸು. ಮುಂದೆ ತಕರಾರು ಬರಬಹುದೆಂಬ ಮನೆಗಳವರು ಪುತ್ತೂರು ಅಥವಾ ಸುಳ್ಯದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ತಾಯಿ ಮಗಳಿಗೆ, ಮಗಳು ತಾಯಿಗೆ, ಎರಡನ್ನೂ ಒಂದೇ ದಿನ ಮಾಡಿಸಬಹುದು.